ಸಂತೆಗೆ ಗೋಡೆ ಬೇಕೆ?

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದವನು ನಾನು. ಯಾವ ಕಾಗದಕ್ಕೇ ಆಗಲಿ, ಓದಿ ನೋಡದೆ ಸಹಿ ಹಾಕಬಾರದೆಂದು ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೇಳಿದ್ದೇನೆ. ಅಂಥ ನಾನೇ ಹೋದ ತಿಂಗಳು, ಮನೆಯ ಬಾಗಿಲಿಗೆ ಬಂದ ನಾಲ್ವರು ಗಣ್ಯರು ಚಾಚಿದ ಕಾಗದಕ್ಕೆ ಕನ್ನಡಕವನ್ನೂ ಹಾಕಿಕೊಳ್ಳದೆ ಸಹಿ ಹಾಕಿದೆ. ಆ ನಾಲ್ವರಲ್ಲಿ ಒಬ್ಬ ನನ್ನ ಶಿಷ್ಯ. “ಊರಿನ ಅಭಿವೃದ್ಧಿಯ ಕೆಲಸ ಸರ್” ಎಂದ. ನಮ್ಮ ಪಟ್ಟಣದ ವಾರದ ಸಂತೆಯನ್ನು ಬೀದಿಯಿಂದ ಎಬ್ಬಿಸಿ, ಹೊಸದಾಗಿ ಕಟ್ಟಿರುವ ಎರಡು ಅಂತಸ್ತಿನ ಮಾರುಕಟ್ಟೆ ಕಟ್ಟಡಕ್ಕೆ ಸಾಗಿಸಬೇಕೆಂಬ ಮನವಿ ಅದು. ಸಂತೆಯ ದಿನ ಸ್ಕೂಟರ್ ಸಾಗಿಸಲು ನನಗೂ ಕಷ್ಟವಾಗುತ್ತಿತ್ತು. ಹಾಗಾಗಿ ಕೈ ತಡೆಯಲಿಲ್ಲ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಜಿಲ್ಲೆಯ ಯಾವ ಪಟ್ಟಣದ ಹೆಸರನ್ನು ಹಾಕಿಕೊಂಡರೂ ಈ ಸಂಗತಿ ಹೊಂದಿಕೊಳ್ಳುತ್ತದೆ.

ಆ ವಾರದ ಸಂತೆಯಲ್ಲಿ ಎಂದಿನಂತೆ ಬಸಳೆ ಕೊಳ್ಳಲು ಹೋದೆ. ಇಪ್ಪತ್ತು ವರ್ಷಗಳಿಂದ ಒಂದೇ ಜಾಗದಲ್ಲಿ ಗೋಣಿತಟ್ಟು ಹಾಸಿ ಕುಳಿತುಕೊಳ್ಳುವ ಹಾಲಕ್ಕಿ ಹೆಂಗಸೊಬ್ಬಳ ಬಳಿಯೇ ನಾನು ಸೊಪ್ಪು ಕೊಳ್ಳುವುದು. ಕಟ್ಟನ್ನು ಕೈಗಿಡುತ್ತ ಆಕೆ ಕೇಳಿದಳು: “ಮಾಸ್ತರೇ, ನೀವೂ ಸೈ ಮಾಡೀರಂತೆ, ಹೌದಾ?”

ಹೌದೆಂದೆ. ಅಲ್ಲಿ ಮಾಡು ಇದೆ, ಮಳೆಗೆ ನೆನೆಯಬೇಕಾಗಿಲ್ಲ, ಬಿಸಿಲಿಗೆ ಒಣಗಬೇಕಾಗಿಲ್ಲ ಎಂದು ತಿಳಿಹೇಳಲು ನೋಡಿದೆ. ಪಾಠ ಹೇಳುವ ಚಟ ನಿವೃತ್ತಿಯಿಂದ ಹೋಗುವುದಿಲ್ಲ.

“ಮಾಡು ಉಂಟು ಮಾಸ್ತರೇ. ಮೆಟ್ಟಿಲೂ ಉಂಟು, ಬಾಡಿಗೆನೂ ಉಂಟು. ನಾ ವಾರಕ್ಕೆ ಒಂದಿನ ಬತ್ತೆ. ಉಳಿದ ಆರು ದಿನದ ಬಾಡಿಗೆ ಈ ಬಸಳೆ ಕೊಡ್ತದಾ?”

ಇಷ್ಟು ಹೇಳಿ, ಎಂದಿನಂತೆ ಒಂದು ಹಿಡಿ ಹರಿವೆಯನ್ನು ಕೊಸರಾಗಿ ನನ್ನ ಚೀಲಕ್ಕೆ ಹಾಕಿದಳು. ಸಿಟ್ಟಿನ ಮಾತಾಡಿದ್ದರೆ ವಾದಿಸಬಹುದಿತ್ತು. ಕೊಸರು ಹಾಕಿದವಳೊಡನೆ ಏನು ವಾದಿಸಲಿ?

ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಹೋಗಿ ನಿಂತದ್ದು 1970ರ ಜನವರಿಯಲ್ಲಿ, ಶರಾವತಿಯ ದಂಡೆಯ ಮೇಲೆ.

ನಮ್ಮೂರು ಗೇರುಸೊಪ್ಪೆಗೂ ಹೊನ್ನಾವರಕ್ಕೂ ನಡುವೆ, ಹೊಳೆಯ ಅಂಚಿಗೆ ಅಂಟಿಕೊಂಡ ಹಳ್ಳಿ. ಆಗ ನನಗೆ ಹತ್ತು ವರ್ಷ ತುಂಬಿ ಹನ್ನೊಂದು ನಡೆಯುತ್ತಿತ್ತು. ಬಲಗಿವಿ ಸೋರುತ್ತಿತ್ತು. ಮನೆಮದ್ದೆಲ್ಲ ಮುಗಿದ ಮೇಲೆ ಅಪ್ಪಯ್ಯ ನನ್ನನ್ನು ಹೊನ್ನಾವರದ ವೈದ್ಯರಲ್ಲಿಗೆ ಕರೆದುಕೊಂಡು ಹೋಗಲು ನಿಶ್ಚಯಿಸಿದರು. ಬಸ್ಸಿಗೆ ಹೋಗಬೇಕಾದರೆ ಗುಡ್ಡ ದಾಟಿ ಬಹುದೂರ ನಡೆಯಬೇಕಿತ್ತು. ಹಾಯಿದೋಣಿಯಾದರೆ ಮನೆಯ ತೋಟದ ಕೆಳಗೇ ನಿಲ್ಲುತ್ತಿತ್ತು.

ಕೋಳಿ ಕೂಗುವ ಹೊತ್ತಿಗೆ ದೋಣಿ ಹತ್ತಿದೆವು. ಇಳಿತದ ನೀರು ಸಮುದ್ರದ ಕಡೆಗೆ ಎಳೆಯುತ್ತಿತ್ತು. ಘಟ್ಟದಿಂದ ಮೂಡಗಾಳಿ ತಣ್ಣಗೆ ಇಳಿಯುತ್ತಿತ್ತು. ಅಂಬಿಗಜ್ಜ ಹಾಯಿ ಬಿಚ್ಚಿ ಚುಕ್ಕಾಣಿ ಹಿಡಿದು ಕುಳಿತ. ಹುಟ್ಟು ಹಾಕುವ ಕೆಲಸವೇ ಇರಲಿಲ್ಲ. ಕತ್ತಲೆಯಲ್ಲಿ ದೋಣಿಯೊಳಗೆ ಯಾರಿದ್ದಾರೆ, ಏನಿದೆ ಒಂದೂ ಕಾಣದು. ಬೆಳಕು ಹರಿದಂತೆ ಒಂದೊಂದೇ ಕಂಡಿತು: ಮಡಕೆಗಳ ರಾಶಿಯ ನಡುವೆ ಮುದುಡಿ ಕುಳಿತ ಕುಂಬಾರ, ಕಾಲು ಕಟ್ಟಿದ ಎರಡು ಕೋಳಿಗಳನ್ನು ಮಡಿಲಲ್ಲಿಟ್ಟುಕೊಂಡ ಮುದುಕಿ, ಜೋನಿಬೆಲ್ಲದ ಡಬ್ಬಿ, ಬಾಳೆಎಲೆಯ ಹೊರೆ, ಗೆಣಸಿನ ಬುಟ್ಟಿಗಳು, ಒಣಗಿದ ಮುರುಗಲು ಸಿಪ್ಪೆಯ ಗಂಟು. ನಾವಿಬ್ಬರೇ ಬರಿಗೈಯವರು. ಉಳಿದವರೆಲ್ಲ ಏನಾದರೊಂದನ್ನು ಹೊತ್ತು ತಂದವರು, ಅದೂ ಸ್ವಲ್ಪ ಸ್ವಲ್ಪವೇ. ಒಬ್ಬರ ಸರಕು ಇಡೀ ದೋಣಿಯ ಮೂಲೆಗೂ ಸಾಲದು. ಎಲ್ಲರದೂ ಕೂಡಿದರೆ ದೋಣಿ ಅಂಚಿನವರೆಗೆ ಮುಳುಗುವಷ್ಟು.

ಮಾವಿನಕುರ್ವೆಯ ತೆಂಗಿನ ಸಾಲು ದಾಟಿದ ಮೇಲೆ ನನ್ನ ಎಡಗಿವಿಗೆ ಒಂದು ಸದ್ದು ಕೇಳತೊಡಗಿತು. ಬಲಗಿವಿಗೆ ಹತ್ತಿ ತುರುಕಿದ್ದರಿಂದ ಸದ್ದು ಯಾವ ದಿಕ್ಕಿನದೆಂದು ತಿಳಿಯದು. ಜೇನುಹಿಂಡು ಎದ್ದಂತೆ ಇತ್ತು. ದೋಣಿ ಬಂದರಿನ ದಂಡೆಗೆ ತಾಗಿದಾಗಲೇ ತಿಳಿದದ್ದು, ಅದು ಸಂತೆ ಎಂದು. ಅದುವರೆಗೆ ಸಂತೆಯನ್ನು ನಾನು ಕಂಡಿರಲಿಲ್ಲ. ವೈದ್ಯರಲ್ಲಿಗೆಂದು ಹೊರಟವನಿಗೆ ದಾರಿಯಲ್ಲಿ ಸಂತೆ ಸಿಕ್ಕಿತು.

ಬಂದರಿನಿಂದ ಪೇಟೆಗೆ ಏರುವ ಹಾದಿಯ ಇಕ್ಕೆಲದಲ್ಲೂ ಬಯಲಿಗೆ ಬಯಲೇ ವ್ಯಾಪಾರ. ಗೋಡೆಯಿಲ್ಲ, ಬಾಗಿಲಿಲ್ಲ, ಹೆಸರಿನ ಫಲಕವಿಲ್ಲ. ಮರದ ನೆರಳಿದ್ದಲ್ಲಿ ಸೊಪ್ಪು, ಬಿಸಿಲಿದ್ದಲ್ಲಿ ಮಡಕೆ. ಗಾಳಿ ಬೀಸುವ ಕಡೆಗೆ ಒಣಮೀನು, ಅದರ ವಾಸನೆ ತಾಗದ ದೂರದಲ್ಲಿ ಹೂವು ಮತ್ತು ವೀಳ್ಯದೆಲೆ. ಯಾರೂ ನಕ್ಷೆ ಬರೆದಿರಲಿಲ್ಲ, ಆದರೂ ಪ್ರತಿಯೊಂದೂ ಇರಬೇಕಾದಲ್ಲೇ ಇತ್ತು. ಘಟ್ಟದ ಮೇಲಿನಿಂದ ಬಂದ ಒಣಮೆಣಸಿನಕಾಯಿ, ಬೆಳ್ಳುಳ್ಳಿಗಳ ಎದುರು ಕರಾವಳಿಯ ಉಪ್ಪು, ಕೊಬ್ಬರಿ. ಸಿದ್ದೆ, ಪಾವುಗಳ ಅಳತೆಯ ಕೂಗು.

ವೈದ್ಯರು ಬರಲು ತಡವಿದೆಯೆಂದು ತಿಳಿದು, ಅಪ್ಪಯ್ಯ ತಾಲ್ಲೂಕು ಕಚೇರಿಯ ಕೆಲಸ ಮುಗಿಸಿ ಬರುವವರೆಗೆ ನನ್ನನ್ನು ನಮ್ಮ ದೋಣಿಯಲ್ಲೇ ಬಂದಿದ್ದ ಗೆಣಸಿನ ಹೆಂಗಸೊಬ್ಬಳ ಪಕ್ಕ ಕೂರಿಸಿ ಹೋದರು. ಕೊರಳ ತುಂಬ ಕರಿಮಣಿಯ ಸರಗಳನ್ನು ಧರಿಸಿದ್ದ ಆಕೆ, “ಲೆಕ್ಕ ಬತ್ತದೇನೋ ತಮಾ?” ಎಂದು ಕೇಳಿ, ಚಿಲ್ಲರೆಯ ಚೀಲವನ್ನೇ ನನ್ನ ಮುಂದಿಟ್ಟಳು. ಮೂರು ತಾಸು ನಾನು ಅವಳ ಗುಮಾಸ್ತ. ಜನ ಇನ್ನೂ ನಾಲ್ಕಾಣೆ ಎಂಟಾಣೆ ಎನ್ನುತ್ತಿದ್ದರು. ನಾಣ್ಯದ ಮೇಲೆ ಇಪ್ಪತ್ತೈದು ಪೈಸೆ, ಐವತ್ತು ಪೈಸೆ ಎಂದಿರುತ್ತಿತ್ತು. ಶಾಲೆಯಲ್ಲಿ ಕಲಿತ ಲೆಕ್ಕಕ್ಕೆ ಅರ್ಥ ಬಂದದ್ದು ಆ ದಿನ.

ಮಧ್ಯಾಹ್ನವಾಗುತ್ತಲೇ ಒಂದು ಸೋಜಿಗ ನಡೆಯಿತು. ಮೂಡಗಾಳಿ ನಿಂತು, ಸ್ವಲ್ಪ ಹೊತ್ತು ಎಲೆ ಅಲುಗದೆ, ಆಮೇಲೆ ಸಮುದ್ರದ ಕಡೆಯಿಂದ ಪಡುಗಾಳಿ ಎದ್ದಿತು. ಗೆಣಸಿನ ಹೆಂಗಸು ತಲೆಯೆತ್ತಿ ಗಾಳಿಯನ್ನು ಒಮ್ಮೆ ನೋಡಿ, ಇದ್ದಕ್ಕಿದ್ದಂತೆ ಬೆಲೆಯನ್ನು ಅರ್ಧಕ್ಕೆ ಇಳಿಸಿಬಿಟ್ಟಳು. ಸುತ್ತಲಿನವರೂ ಹಾಗೆಯೇ ಮಾಡಿದರು. ಅದುವರೆಗೆ ಅಂಚಿನಲ್ಲಿ ಸುಮ್ಮನೆ ನಿಂತಿದ್ದ ಒಂದಷ್ಟು ಜನ ಆಗ ಒಳಗೆ ಬಂದರು: ಬಂದರಿನ ಹಮಾಲರು, ಹರಕು ಸೀರೆಯ ಹೆಂಗಸರು, ನನ್ನ ಓರಗೆಯ ಮಕ್ಕಳು. ಅವರು ಕಾಯುತ್ತಿದ್ದದ್ದು ಆ ಗಾಳಿಯನ್ನು. ದೋಣಿ ಹೊಳೆಯೇರುವ ಹೊತ್ತಾಯಿತು, ಇನ್ನು ಮಾರುವವರಿಗೆ ಹೊತ್ತು ತಂದದ್ದನ್ನು ಹೊತ್ತೊಯ್ಯುವ ಮನಸ್ಸಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಪಡುಗಾಳಿ ಎದ್ದಿತೆಂದರೆ ಬಡವರ ಸಂತೆ ಶುರುವಾಯಿತೆಂದೇ ಅರ್ಥ.

ಗೆಣಸು ಮುಗಿದ ಮೇಲೆ ಆಕೆ ಅದೇ ಹಣದಿಂದ ಉಪ್ಪು, ಒಣಸೀಗಡಿ, ಸೀಮೆಎಣ್ಣೆ ಕೊಂಡಳು. ನನ್ನ ಕೈಗೆ ಒಂದು ಬೆಲ್ಲದ ತುಂಡು ಬಂತು. ನನ್ನ ಜೀವನದ ಮೊದಲ ಸಂಬಳ. ವೈದ್ಯರು ಕಿವಿಗೆ ಔಷಧ ಬಿಟ್ಟರು. ಉಬ್ಬರದ ನೀರು, ಬೆನ್ನಿಗೆ ಪಡುಗಾಳಿ. ಸಂಜೆಗೆ ಮನೆ ಸೇರಿದೆವು.

ಆ ಪಯಣವನ್ನು ನಾನು ತರಗತಿಯಲ್ಲಿ ನೂರು ಸಲ ಹೇಳಿದ್ದೇನೆ: ನೆಲಗಾಳಿ, ಕಡಲಗಾಳಿಗಳ ಪಾಠಕ್ಕೆ ಇಷ್ಟು ಸುಲಭವಾದ ಉದಾಹರಣೆ ಬೇರೆಯಿಲ್ಲ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಒಂದು ವಾರದ ಸಂತೆಗೆ ಬೆಳಗಿನ ಇಳಿತ ನೆರವಾದರೆ ಮರುವಾರ ಅದೇ ಹೊತ್ತಿಗೆ ಉಬ್ಬರ ಎದುರಾಗುತ್ತದೆ, ಆ ವಾರ ಗಾಳಿಯನ್ನೊಂದೇ ನಂಬಿ ಬೇಗನೆ ಹೊರಡಬೇಕು ಎಂದೂ ವಿವರಿಸಿದ್ದೇನೆ. ಆದರೆ ಭೂಗೋಳದ ಪಾಠವನ್ನು ಹೇಳಿದ ನಾನು, ಸಂತೆ ಎಂದರೇನು ಎಂಬ ಪಾಠವನ್ನು ಹೇಳಲಿಲ್ಲ. ಹೇಳಿದ್ದರೆ ಆ ಮನವಿ ಹಿಡಿದು ಬಂದ ನನ್ನ ಶಿಷ್ಯನಿಗೆ ಅದು ನೆನಪಿರುತ್ತಿತ್ತೋ ಏನೋ. ಈಗಲಾದರೂ ಹೇಳುತ್ತೇನೆ.

ಸಂತೆ ಎಂಬುದು ಕಟ್ಟಡವಲ್ಲ, ಒಂದು ಹೊತ್ತು. ಸುತ್ತಲಿನ ದಾರಿಗಳು ಬಂದು ಮುಟ್ಟುವ ಒಂದು ಜಾಗದಲ್ಲಿ, ಎಲ್ಲರೂ ಬರಲು ಸಾಧ್ಯವಾಗುವ ಒಂದು ದಿನ, ಸ್ವಲ್ಪ ಸ್ವಲ್ಪ ಇರುವವರೆಲ್ಲ ಕೂಡಿಕೊಳ್ಳುವ ಹೊತ್ತು. ದೋಣಿಯ ಕಾಲದಲ್ಲಿ ಆ ಜಾಗವನ್ನು ಹೊಳೆ ಗೊತ್ತುಮಾಡಿತು, ಆ ಹೊತ್ತನ್ನು ಗಾಳಿ ಗೊತ್ತುಮಾಡಿತು. ಈಗ ಬಸ್ ನಿಲ್ದಾಣ ಮತ್ತು ಕೊನೆಯ ಬಸ್ಸು ಗೊತ್ತುಮಾಡುತ್ತವೆ. ನಮ್ಮ ಪಟ್ಟಣದ ಸಂತೆಯಲ್ಲಿಯೂ ಸಂಜೆ ಆರರ ಮೇಲೆ ಬೆಲೆ ಇಳಿಯುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಹಳ್ಳಿಯ ಕಡೆಯ ಕೊನೆಯ ಬಸ್ಸೇ ಈಗಿನ ಪಡುಗಾಳಿ. ಬೀಗ ಹಾಕುವ ಮಳಿಗೆಯಲ್ಲಿ ಈ ಇಳಿಕೆ ಇರುವುದಿಲ್ಲ. ಉಳಿದದ್ದನ್ನು ನಾಳೆ ಮಾರಬಹುದಲ್ಲ! ಆರು ಗಂಟೆಯ ಮೇಲೆ ತರಕಾರಿ ಕೊಳ್ಳುವ ಮನೆಗಳು ನಮ್ಮ ಊರಿನಲ್ಲಿ ಎಷ್ಟಿವೆ ಎಂದು ಮನವಿ ಬರೆದವರು ಎಣಿಸಿದ್ದಾರೆಯೇ? ನಾನು ಎಣಿಸಿರಲಿಲ್ಲ.

ಇದು ಹೊಸ ಸಂಪ್ರದಾಯವೂ ಅಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಅಲ್ಲಿ ಶುಕ್ರವಾರ ನಡೆಯುತ್ತಿದ್ದ ಸಂತೆಗೆ ಸಮುದ್ರದ ಒಣಮೀನು ಬರುತ್ತಿತ್ತೆಂದು ಬರೆದಿದ್ದಾನೆ. ತುಂಗಭದ್ರೆಯ ಬಂಡೆಗಳ ನಡುವೆ ಕಡಲಿನ ಮೀನು! 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಇದೇ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿಯನ್ನು ತಲುಪಿದ. ಕರಾವಳಿಯ ಉಪ್ಪು ಮೀನು ಮೇಲೇರಿದ್ದೂ ಘಟ್ಟದ ಮೆಣಸು ಕೆಳಗಿಳಿದದ್ದೂ ಇಂಥ ಹೊಳೆ ಮತ್ತು ಘಟ್ಟದ ಹಾದಿಗಳಲ್ಲಿಯೇ. ಸಂತೆಗಳು ಹುಟ್ಟಿದ್ದು ಆ ಹಾದಿಗಳ ಗಂಟುಗಳಲ್ಲಿ. ಗಂಟನ್ನು ಕಿತ್ತು ಬೇರೆಡೆ ಕಟ್ಟುತ್ತೇನೆಂದರೆ ಹಾದಿಗಳು ಅದರ ಹಿಂದೆ ಬರುವುದಿಲ್ಲ.

ಇನ್ನು ಮನವಿಯ ವಾದಗಳನ್ನು ಒಂದೊಂದಾಗಿ ನೋಡೋಣ. ಅವುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ.

ಮೊದಲನೆಯದು, ಸಂಚಾರಕ್ಕೆ ಅಡ್ಡಿ. ನಿಜ, ಅಡ್ಡಿಯಾಗುತ್ತದೆ. ವಾರಕ್ಕೆ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ. ಅದೇ ಬೀದಿಯಲ್ಲಿ ವಾರದ ಏಳು ದಿನವೂ ಎರಡು ಬದಿಗೂ ಕಾರುಗಳು ನಿಂತಿರುತ್ತವೆ. ಒಂದು ಕಾರು ನಿಲ್ಲುವ ಜಾಗದಲ್ಲಿ ನಾಲ್ವರು ಹೆಂಗಸರು ಬುಟ್ಟಿಯಿಟ್ಟುಕೊಂಡು ಕೂರಬಹುದು. ಆ ಕಾರುಗಳ ಮೇಲೆ ಯಾರೂ ಮನವಿ ಬರೆದದ್ದನ್ನು ನಾನು ಕಾಣೆ. ನಿಂತ ವಾಹನ ಅಭಿವೃದ್ಧಿಯಾಗಿ, ಕುಳಿತ ಮನುಷ್ಯ ಅಡ್ಡಿಯಾಗುವುದು ಯಾವ ನ್ಯಾಯ?

ಎರಡನೆಯದು, ಹೊಲಸು. ಇದೂ ನಿಜ. ಸಂತೆ ಮುಗಿದ ರಾತ್ರಿ ಕೊಳೆತ ಸೊಪ್ಪು, ಪ್ಲಾಸ್ಟಿಕ್ ಚೀಲಗಳನ್ನು ತುಳಿದುಕೊಂಡೇ ಹೋಗಬೇಕು. ಆದರೆ ಕುಳಿತ ಪ್ರತಿಯೊಬ್ಬ ವ್ಯಾಪಾರಿಯಿಂದಲೂ ನೆಲಬಾಡಿಗೆ ವಸೂಲಿಯಾಗುತ್ತದೆ. ಆ ಹಣಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದೇನು? ಕಸದ ತೊಟ್ಟಿ ಎಷ್ಟು, ಕುಡಿಯುವ ನೀರಿನ ನಲ್ಲಿ ಎಷ್ಟು? ಬೆಳಗಿನ ಆರರಿಂದ ಸಂಜೆ ಏಳರವರೆಗೆ ಬಿಸಿಲಿನಲ್ಲಿ ಕೂರುವ ಹೆಂಗಸರಿಗೆ ಶೌಚಾಲಯ ಎಲ್ಲಿ? ಬಸಳೆಯ ಹೆಂಗಸು ಸಂತೆಯ ದಿನ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ ಎಂದು ನನಗೆ ತಿಳಿದದ್ದು ಇತ್ತೀಚೆಗೆ. ಇಪ್ಪತ್ತು ವರ್ಷ ಸೊಪ್ಪು ಕೊಂಡರೂ ಕೇಳಿರಲಿಲ್ಲ. ಬಾಡಿಗೆ ಪಡೆದು ಸೌಕರ್ಯ ಕೊಡದವರು, ಸೌಕರ್ಯವಿಲ್ಲದ್ದನ್ನೇ ಎಬ್ಬಿಸಲು ಕಾರಣವಾಗಿ ತೋರಿಸುವುದು, ಬೆಳಗ್ಗೆ ಊಟ ಕೊಡದೆ ಮಧ್ಯಾಹ್ನ ಮಗು ಮಂಕಾಗಿದೆಯೆಂದು ಹೊಡೆಯುವ ಮಾಸ್ತರನ ರೀತಿ.

ಮೂರನೆಯದು, ಕಟ್ಟಡದಲ್ಲಿ ಅವರಿಗೇ ಅನುಕೂಲ. ಇಲ್ಲಿ ಒಂದು ಲೆಕ್ಕ ಮಾಡೋಣ, ಏಳನೆಯ ತರಗತಿಯ ಲೆಕ್ಕ. ಒಂದು ಮಳಿಗೆಯ ಬಾಡಿಗೆ ತಿಂಗಳಿಗೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. ದಿನವೂ ಅಂಗಡಿ ತೆರೆಯುವವನಿಗೆ ಅದು ದಿನಕ್ಕೆ 40 ರೂಪಾಯಿ. ತಿಂಗಳಿಗೆ ನಾಲ್ಕು ಸಂತೆಗೆ ಮಾತ್ರ ಬರುವವಳಿಗೆ ದಿನಕ್ಕೆ 300 ರೂಪಾಯಿ. ಅವಳು ದಿನವೂ ಬರಲಿ ಎನ್ನುವಿರಾ? ದಿನವೂ ಇಲ್ಲಿ ಕುಳಿತರೆ ಅಲ್ಲಿ ಬಸಳೆ ಬೆಳೆಯುವವರು ಯಾರು? ಸಂತೆಯ ಹೆಂಗಸು ಅಂಗಡಿಕಾರಳಲ್ಲ. ಆರು ದಿನ ಬೆಳೆಯುವವಳು, ಏಳನೆಯ ದಿನ ಮಾರುವವಳು, ಅದೇ ಸಂಜೆ ಕೊಳ್ಳುವವಳು. ಮಳಿಗೆ ಎಂಬುದು ಮಾರುವುದನ್ನೇ ಕಸುಬಾಗಿ ಮಾಡಿಕೊಂಡವನಿಗೆ ಹೊಲಿದ ಅಂಗಿ. ಅದನ್ನು ಇವಳಿಗೆ ತೊಡಿಸಲು ಹೋದರೆ, ಕೆಲವು ತಿಂಗಳಲ್ಲಿ ಇವಳು ಮನೆ ಸೇರುತ್ತಾಳೆ. ಇವಳ ಬಸಳೆಯನ್ನು ಹಿತ್ತಲಿನಲ್ಲೇ ಅರ್ಧ ಬೆಲೆಗೆ ಎತ್ತಿಕೊಂಡು ಹೋಗುವ ಮಧ್ಯವರ್ತಿ ಮಳಿಗೆ ಸೇರುತ್ತಾನೆ. ಆಮೇಲೆ ನಾವು ‘ರೈತರಿಗೆ ಬೆಲೆ ಸಿಗುತ್ತಿಲ್ಲ’ ಎಂದು ವಿಚಾರ ಸಂಕಿರಣ ನಡೆಸುತ್ತೇವೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಓದುಗರು ತಿಳಿಯಬೇಕು. ಸಹಿ ಹಾಕಿದ ಮೇಲಾದರೂ ನಾನು ಓದಿಕೊಂಡೆ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19(1)(ಜಿ) ವಿಧಿಯ ಅಡಿಯಲ್ಲಿ, ಸೂಕ್ತ ನಿಯಂತ್ರಣಕ್ಕೆ ಒಳಪಟ್ಟ ಮೂಲಭೂತ ಹಕ್ಕು ಎಂದು ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿತು. ಸಂಸತ್ತು ಅಂಗೀಕರಿಸಿದ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮ 2014ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಮೊದಲು ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸಬೇಕಾದರೆ 30 ದಿನಗಳ ಮುನ್ಸೂಚನೆ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಮಾರುವವರೂ ಕೊಳ್ಳುವವರೂ ಪರಂಪರೆಯಿಂದ ಕೂಡುತ್ತ ಬಂದಿರುವ ಜಾಗಕ್ಕೆ ಆ ಕಾನೂನು ‘ಸಹಜ ಮಾರುಕಟ್ಟೆ’ ಎಂಬ ಅರ್ಥದ ಹೆಸರನ್ನೇ ಕೊಟ್ಟಿದೆ. ಸಮೀಕ್ಷೆಯಲ್ಲಿ ಹಾಗೆ ಗುರುತಾದದ್ದನ್ನು ವ್ಯಾಪಾರ ನಿಷಿದ್ಧ ವಲಯವೆಂದು ಘೋಷಿಸುವಂತಿಲ್ಲ. ಐವತ್ತು ವರ್ಷ ಮೀರಿ ನಡೆದು ಬಂದಿರುವ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಿ, ಅಲ್ಲಿನವರನ್ನು ಸ್ಥಳಾಂತರಿಸದೆ ಉಳಿಸಬೇಕೆಂದೂ ಅದರ ಅನುಸೂಚಿಯಲ್ಲಿದೆ. ನಮ್ಮ ಸಂತೆಗೆ ಐವತ್ತಲ್ಲ, ಅದರ ಎರಡರಷ್ಟು ವಯಸ್ಸೆಂದು ಊರಿನ ಹಿರಿಯರೆಲ್ಲ ಹೇಳುತ್ತಾರೆ.

‘ಸಹಜ’ ಎಂಬ ಮಾತನ್ನು ಗಮನಿಸಿ. ದೆಹಲಿಯಲ್ಲಿ ಕುಳಿತು ಕಾನೂನು ಬರೆದವರಿಗೆ ತಿಳಿದದ್ದು, ಸಂತೆಯ ಬದಿಯಲ್ಲೇ ಮನೆ ಮಾಡಿಕೊಂಡ ನಮಗೆ ತಿಳಿಯಲಿಲ್ಲ. ಮನವಿಯಲ್ಲಿ ಸಮೀಕ್ಷೆಯ ಮಾತಿಲ್ಲ, ಸಮಿತಿಯ ಮಾತಿಲ್ಲ. ‘ಅನಧಿಕೃತ ವ್ಯಾಪಾರಿಗಳು’ ಎಂಬ ಮಾತು ಮಾತ್ರ ನಾಲ್ಕು ಕಡೆ ಇದೆ. ತಾತ ಮುತ್ತಾತನ ಕಾಲದಿಂದ ಕುಳಿತ ಜಾಗದಲ್ಲಿ ಅನಧಿಕೃತರು!

ಸರ್ಕಾರದ ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ತಿಳಿಯದಿರುವುದು ಹೊಸದೇನಲ್ಲ. 2020ರ ಜೂನ್‌ನಲ್ಲಿ, ಕೊರೊನಾದಿಂದ ನೆಲಕಚ್ಚಿದ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿಯವರೆಗೆ ಸಾಲ ನೀಡುವ ಸ್ವನಿಧಿ ಯೋಜನೆಯನ್ನು ಕೇಂದ್ರ ಸರ್ಕಾರ ತಂದಿತು. ವ್ಯಾಪಾರಕ್ಕೆ ಸಾಲ ಕೊಟ್ಟು, ವ್ಯಾಪಾರ ಮಾಡುವ ನೆಲವನ್ನು ಕಿತ್ತುಕೊಂಡರೆ ಸಾಲ ತೀರಿಸುವುದು ಯಾವುದರಿಂದ? ನಾವು ನಾಗರಿಕರೂ ಹಾಗೆಯೇ. ಅಂಕೋಲೆಯ ಕಡೆಯ ಹಾಲಕ್ಕಿ ಹಿರಿಯಜ್ಜಿಯರಾದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ತುಳಸಿ ಗೌಡರು 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದು ಪದ್ಮಶ್ರೀ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು, ಭಾಷಣ ಮಾಡಿದೆವು. ಆ ಇಬ್ಬರೂ ಈಗಿಲ್ಲ. ಅವರದೇ ಸಮುದಾಯದ ಹೆಂಗಸರು, ಅವರಂತೆಯೇ ಸರ ಧರಿಸಿ, ಅವರಂತೆಯೇ ಬರಿಗಾಲಿನಲ್ಲಿ ಬುಟ್ಟಿ ಹೊತ್ತು ಬಂದರೆ ನಮ್ಮ ಸ್ಕೂಟರಿಗೆ ಅಡ್ಡಿ. ವೇದಿಕೆಯ ಮೇಲಿದ್ದಾಗ ಸಂಸ್ಕೃತಿ, ಬೀದಿಯಲ್ಲಿದ್ದಾಗ ಒತ್ತುವರಿ.

ನಾನು ಹಳೆಯದೆಲ್ಲ ಹೊನ್ನು ಎನ್ನುವವನಲ್ಲ. ಹಾಯಿದೋಣಿ ಮರಳಿ ಬರಬೇಕೆಂಬ ಆಸೆಯೂ ನನಗಿಲ್ಲ. ಮಳೆಗಾಲದಲ್ಲಿ ಅದರಲ್ಲಿ ಹೋಗಿ ತಿರುಗಿ ಬಾರದವರ ಮನೆಗಳನ್ನು ಬಲ್ಲೆ. ರಸ್ತೆ ಬಂತು, ಸೇತುವೆ ಬಂತು, ದೋಣಿ ದಂಡೆಯ ಮೇಲೆ ಬೋರಲು ಬಿದ್ದು ಗೆದ್ದಲು ಹಿಡಿಯಿತು, ಅದಕ್ಕಾಗಿ ಅಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ದೋಣಿ ಹೋದಾಗ ಅದರಲ್ಲಿ ಬರುತ್ತಿದ್ದವರಿಗೆ ಬಸ್ಸು ಸಿಕ್ಕಿತು. ಸಂತೆ ಹೋದರೆ ಅದರಲ್ಲಿ ಕೂರುತ್ತಿದ್ದವರಿಗೆ ಸಿಗುವುದೇನು? ಹೊಸದು ಹಳೆಯದರ ಕೆಲಸವನ್ನು ಮಾಡಿಕೊಡುವುದಾದರೆ ಅದು ಸುಧಾರಣೆ. ಹಳೆಯದರ ಜಾಗವನ್ನು ಮಾತ್ರ ತೆಗೆದುಕೊಂಡು ಕೆಲಸವನ್ನು ಮಾಡದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಸಂತೆಯ ದಿನ ಆ ಬೀದಿಯಲ್ಲಿ ವಾಹನ ಸಂಚಾರವನ್ನು ಪಕ್ಕದ ಬೀದಿಗೆ ತಿರುಗಿಸಲಿ. ಜಾತ್ರೆಯ ದಿನ, ಮಂತ್ರಿಗಳು ಬರುವ ದಿನ ತಿರುಗಿಸುವುದಿಲ್ಲವೇ? ನಾಲ್ಕು ನಲ್ಲಿ, ಬೀಗ ಹಾಕದ ಒಂದು ಶೌಚಾಲಯ, ಸಂಜೆ ಏಳಕ್ಕೆ ಬರುವ ಕಸದ ವಾಹನ. ಬಿಸಿಲು ಮಳೆಗೆ ಕಂಬಗಳ ಮೇಲೊಂದು ಮಾಡು. ಗೋಡೆ ಬೇಡ, ಮೆಟ್ಟಿಲು ಬೇಡ, ಬೀಗ ಬೇಡ. ಹೊಸ ಕಟ್ಟಡವೂ ಹಾಳಾಗಬೇಕಾಗಿಲ್ಲ, ದಿನವೂ ವ್ಯಾಪಾರ ಮಾಡುವವರಿಗೆ ಅದು ಒದಗಲಿ. ಎಲ್ಲಕ್ಕಿಂತ ಮೊದಲು, ಕಾನೂನು ಹೇಳುವಂತೆ ಸಮೀಕ್ಷೆ ನಡೆಯಲಿ, ಸಮಿತಿ ರಚನೆಯಾಗಲಿ, ಅದರಲ್ಲಿ ಬಸಳೆ ಮಾರುವವಳೂ ಕುಳಿತುಕೊಳ್ಳಲಿ. ಏಳನೆಯ ತರಗತಿಯ ಲೆಕ್ಕವನ್ನು ನಮ್ಮೆಲ್ಲರಿಗಿಂತ ಬೇಗ ಮಾಡಿದವಳು ಅವಳೇ.

ನನ್ನ ಶಿಷ್ಯನಿಗೆ ಈ ಮಾತುಗಳನ್ನೆಲ್ಲ ಹೇಳಿದೆ. ಅವನು ಕೆಟ್ಟವನಲ್ಲ. “ಸರ್, ನೀವು ನೆನಪುಗಳಲ್ಲಿ ಬದುಕುತ್ತಿದ್ದೀರಿ” ಎಂದು ನಕ್ಕ. ನೆನಪಿನಲ್ಲಿ ಬದುಕುವುದು ತಪ್ಪಿರಬಹುದು; ನೆನಪಿಲ್ಲದೆ ಸಹಿ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಅವನ ಅಜ್ಜಿ ಇದೇ ಸಂತೆಯಲ್ಲಿ ನೀರುಳ್ಳಿ ಮಾರಿ ಅವನ ತಂದೆಯನ್ನು ಓದಿಸಿದ್ದನ್ನು ನಾನು ಅವನಿಗೆ ನೆನಪಿಸಿದೆ. ಅವನು ಉತ್ತರ ಕೊಡಲಿಲ್ಲ. ಆಲೋಚಿಸುತ್ತಿದ್ದಾನೆಂದು ನಂಬಿದ್ದೇನೆ; ತರಗತಿಯಲ್ಲಿಯೂ ಅವನು ತಡವಾಗಿಯೇ ಉತ್ತರ ಕೊಡುತ್ತಿದ್ದ, ಆದರೆ ಸರಿಯಾದ ಉತ್ತರ ಕೊಡುತ್ತಿದ್ದ.

ನಿನ್ನೆ ನಾನು ಆ ಮನವಿ ತಲುಪಿದ ಕಚೇರಿಗೆ ಹೋಗಿ, ನನ್ನ ಸಹಿಯನ್ನು ಹಿಂದಕ್ಕೆ ಪಡೆದಿರುವುದಾಗಿ ಲಿಖಿತವಾಗಿ ಕೊಟ್ಟು ಬಂದೆ. ಹಾಗೆ ಹಿಂದಕ್ಕೆ ಪಡೆಯುವ ಪದ್ಧತಿ ಇಲ್ಲವೆಂದು ಗುಮಾಸ್ತರು ಹೇಳಿದರು. ಪದ್ಧತಿ ಇಲ್ಲದಿದ್ದರೆ ಇಂದಿನಿಂದ ಇರಲಿ ಎಂದು ಹೇಳಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಈ ಸಲ ಕನ್ನಡಕ ಹಾಕಿಕೊಂಡು, ಪ್ರತಿಯೊಂದು ಸಾಲನ್ನೂ ಓದಿಯೇ ಸಹಿ ಹಾಕಿದ್ದೇನೆ. ಆ ಮನವಿಗೆ ಸಹಿ ಹಾಕಿದ ಉಳಿದವರಲ್ಲಿ ಈ ಬರಹವನ್ನು ಓದುವವರಿದ್ದರೆ, ನಿಮ್ಮಲ್ಲಿ ನನ್ನದೊಂದೇ ವಿನಂತಿ. ಈ ವಾರದ ಸಂತೆಗೆ ಒಂದು ಸಲ ನಡೆದುಕೊಂಡು ಬನ್ನಿ. ಸಂಜೆ ಆರರ ಮೇಲೆ ಬನ್ನಿ. ಆಗ ಯಾರು ಕೊಳ್ಳಲು ಬರುತ್ತಾರೆಂದು ನಿಂತು ನೋಡಿ, ಆಮೇಲೆ ನಿಮ್ಮ ನಿರ್ಧಾರ ನಿಮಗೆ ಬಿಟ್ಟದ್ದು.